ಜಿಂಕೆ ಕುರಿಯಲ್ಲ: ಮಗನ ಕೈಗೆ ಚಾಕು ಕೊಡುವ ಅಪ್ಪಂದಿರಿಗೆ

ಊರಿನಲ್ಲಿ ಕುರಿ ಕಡಿಯುವುದನ್ನು ನೋಡುತ್ತ ಬೆಳೆದವರಿಗೆ ಜಿಂಕೆ ಬಿಡಿಸುವುದೇನು ಮಹಾ ಅನ್ನಿಸುವುದು ಸಹಜ. ಅದೇ ಸೀಳುಗೊರಸು, ಅದೇ ಮೆಲುಕು ಹಾಕುವ ಹೊಟ್ಟೆ, ಅದೇ ನಾಲ್ಕು ಕಾಲು. ತೊಡಕು ಹುಟ್ಟುವುದೇ ಇಲ್ಲಿಂದ. ಮಟನ್ ಅಂಗಡಿಯಿಂದ ನಮಗೆ ಬಂದಿರುವ ರೂಢಿಗಳು ಕೆಲವಿವೆ: ಕೊರಡಿನ ಮೇಲಿಟ್ಟು ಮಚ್ಚಿನಲ್ಲಿ ಎಲುಬಿನ ಸಮೇತ ತುಂಡು ಮಾಡುವುದು, ಕಡಿದ ದಿನವೇ ಸಾರು ಮಾಡಿ ಮುಗಿಸುವುದು, ನಾಲ್ಕು ನೀರಿನಲ್ಲಿ ತೊಳೆಯುವುದು, ನೆಣ ಇದ್ದಷ್ಟೂ ರುಚಿ ಎನ್ನುವುದು, ಮಿದುಳನ್ನು ಮಕ್ಕಳಿಗೆಂದು ಎತ್ತಿಡುವುದು. ಅಮೆರಿಕದ ಬಿಳಿಬಾಲದ ಜಿಂಕೆಗೆ ಇವುಗಳಲ್ಲಿ ಒಂದೂ ಒಗ್ಗುವುದಿಲ್ಲ. ಮಗನಿಗೆ ಕಲಿಸಲು ಹೊರಟ ಅಪ್ಪ ಮೊದಲು ತಾನು ಮರೆಯಬೇಕಾದದ್ದು ಇಷ್ಟಿದೆ.

ಇಲ್ಲಿ ಬರೆಯುತ್ತಿರುವುದು ವಿಸ್ಕಾನ್ಸಿನ್ ರಾಜ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರುವಾಗುವ ಒಂಬತ್ತು ದಿನಗಳ ಬಂದೂಕು ಋತು ಅಲ್ಲಿನ ದೊಡ್ಡ ಬೇಟೆಕಾಲ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಇಲ್ಲದಿದ್ದರೆ ಅರ್ಹ ಹಿರಿಯರೊಬ್ಬರ ಕೈಯಳತೆಯಲ್ಲೇ ಇದ್ದು ಬೇಟೆಯಾಡಬೇಕು. ಹೊಡೆದ ಜಿಂಕೆಯನ್ನು ಮರುದಿನ ಸಂಜೆ 5 ಗಂಟೆಯೊಳಗೆ ನೋಂದಾಯಿಸಬೇಕು. ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರಿಗೆ ಬೇರೆ ಹೇಳಬೇಕಿಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ಜಿಂಕೆ ಬೇಟೆ ಅಪರಾಧ.

ಸಾಮಾನು ಕಡಿಮೆ ಇದ್ದಷ್ಟೂ ಒಳ್ಳೆಯದು. ಕಾಡಿಗೆ 8–10 ಸೆಂಟಿಮೀಟರ್ ಅಲಗಿನ, ಮಡಚದ ಚಾಕು ಒಂದು. ಮನೆಗೆ 15 ಸೆಂಟಿಮೀಟರಿನ, ಸ್ವಲ್ಪ ಬಾಗುವ, ಎಲುಬು ಬಿಡಿಸುವ ಚಾಕು ಒಂದು. ಅಲಗು ಮಸೆಯುವ ಕಡ್ಡಿ, ನೈಟ್ರೈಲ್ ಗ್ಲೌಸ್, ಎರಡು ಮೊಳ ದಾರ, ಪೇಪರ್ ಟವೆಲ್, ಗುಂಡಿಗೆ ಮತ್ತು ಲಿವರ್ ಹಾಕಲು ಜಿಪ್ ಚೀಲ, ತಲೆಗೆ ಕಟ್ಟುವ ಟಾರ್ಚ್. ನವೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುವುದರಿಂದ ಟಾರ್ಚ್ ಮರೆತರೆ ಕೆಲಸ ಕೆಟ್ಟಂತೆಯೇ. ಚಾಕು ಹಿಡಿಯದ ಕೈಗೆ, ಕೊಯ್ದರೂ ಹರಿಯದ ಗ್ಲೌಸ್ ಒಂದು ಬೇಕು, ಹುಡುಗನಿಗೆ ಕಡ್ಡಾಯ. ಮಚ್ಚು, ಗರಗಸ, ಕೊಡಲಿ ಇವನ್ನು ತರಲೇಬೇಡಿ. ಕೈಯಲ್ಲಿದ್ದರೆ ಬಳಸಬೇಕು ಅನ್ನಿಸುತ್ತದೆ. ಜಿಂಕೆಯ ಮೈಯಲ್ಲಿ ಮಾಂಸಕ್ಕಾಗಿ ಕಡಿಯಬೇಕಾದ ಎಲುಬು ಒಂದೂ ಇಲ್ಲ.

ಚಾಕು ಹರಿತವಾಗಿರಲಿ. ಮಗು ಎಂದು ಮೊಂಡು ಚಾಕು ಕೊಡುವುದು ಅಪ್ಪಂದಿರು ಮಾಡುವ ದೊಡ್ಡ ತಪ್ಪು. ಮೊಂಡು ಅಲಗಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಅಲಗು ಜಾರುತ್ತದೆ, ಜಾರಿದ್ದು ಸೀದಾ ಇನ್ನೊಂದು ಕೈಗೆ ಬರುತ್ತದೆ.

ಜಿಂಕೆ ಬಿದ್ದ ಮೇಲೆ ತಲೆಯ ಹಿಂಬದಿಯಿಂದ ಹತ್ತಿರ ಹೋಗಿ ಉದ್ದನೆಯ ಕಡ್ಡಿಯಿಂದ ಕಣ್ಣು ಮುಟ್ಟಿ ನೋಡಬೇಕು. ರೆಪ್ಪೆ ಆಡಿದರೆ ಜೀವ ಇದೆ ಎಂದರ್ಥ. ಆಡದಿದ್ದರೆ ಬಂದೂಕಿನ ಗುಂಡು ತೆಗೆದು, ಅದನ್ನು ದೂರ ಒರಗಿಸಿಟ್ಟು, ಆಮೇಲೆ ಚಾಕು. ಈ ಕ್ರಮವನ್ನು ಹುಡುಗನಿಂದ ಬಾಯಿಬಿಟ್ಟು ಹೇಳಿಸಿ.

ಹೊಟ್ಟೆ ಬಗಿಯುವ ಕೆಲಸದಲ್ಲಿ ಉದ್ದೇಶ ಎರಡೇ: ಒಳಗಿನ ಶಾಖ ಹೊರಗೆ ಬರಬೇಕು, ಕರುಳಿನದು ಮಾಂಸಕ್ಕೆ ತಾಗಬಾರದು. ಜಿಂಕೆಯನ್ನು ಅಂಗಾತ ಮಲಗಿಸಿ, ತಲೆ ಸ್ವಲ್ಪ ಏರಿನ ಕಡೆಗಿರಲಿ. ಮೊದಲು ಗುದದ ಸುತ್ತ ಚಾಕುವಿನ ಮೊನೆಯಿಂದ ಬಳೆಯಷ್ಟಗಲ ಕೊಯ್ದು, ಕರುಳಿನ ತುದಿಯನ್ನು ಸಡಿಲಿಸಿ ಹೊರಗೆಳೆದು ದಾರದಿಂದ ಬಿಗಿಯಾಗಿ ಕಟ್ಟಬೇಕು. ಇದನ್ನು ಬಿಟ್ಟವರು ಆಮೇಲೆ ತೊಡೆಯ ಒಳಭಾಗದ ಮಾಂಸವನ್ನು ಎಸೆಯಬೇಕಾಗುತ್ತದೆ. ಬಳಿಕ ಎದೆಗೂಡು ಮುಗಿಯುವ ಕಡೆ ತೊಗಲನ್ನು ಚಿವುಟಿ ಮೇಲೆತ್ತಿ ಎರಡು ಬೆರಳು ಹೋಗುವಷ್ಟು ಕೊಯ್ಯಿರಿ. ಎಡಗೈಯ ತೋರುಬೆರಳು, ನಡುಬೆರಳು ಒಳಗೆ. ಅವುಗಳ ನಡುವೆ ಅಲಗು, ಹರಿತ ಆಕಾಶದ ಕಡೆಗೆ. ಬೆರಳುಗಳು ಹೊಟ್ಟೆಚೀಲವನ್ನು ಕೆಳಗೆ ಒತ್ತುತ್ತ ಹೋಗುತ್ತವೆ, ಅಲಗು ತೊಗಲನ್ನು ಒಳಗಿನಿಂದ ಸೀಳುತ್ತ ಬರುತ್ತದೆ. ಹರಿತವನ್ನು ಕೆಳಗೆ ಮಾಡಿ ಕೊಯ್ದರೆ ಎರಡು ಅನಾಹುತ ಒಟ್ಟಿಗೇ ಆಗುತ್ತವೆ. ಕೂದಲು ತುಂಡಾಗಿ ಮಾಂಸಕ್ಕೆಲ್ಲ ಮೆತ್ತಿಕೊಳ್ಳುತ್ತದೆ, ಹೊಟ್ಟೆಚೀಲ ತೂತಾಗಿ ಹಸಿರು ಗಸಿ ಹೊರಬರುತ್ತದೆ.

ಹೊಟ್ಟೆ ತೆರೆದ ಮೇಲೆ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಪಕ್ಕೆಲುಬಿನ ಅಂಚು ಹಿಡಿದು ಎರಡೂ ಕಡೆ ಕೊಯ್ಯಬೇಕು. ಮುಂದಿನದು ಇಡೀ ಕೆಲಸದಲ್ಲಿ ಅಪಾಯದ ಘಳಿಗೆ. ಎಡಗೈಯನ್ನು ಎದೆಗೂಡಿನೊಳಗೆ ಕತ್ತಿನವರೆಗೂ ತೂರಿಸಿ ಶ್ವಾಸನಾಳವನ್ನು ಹಿಡಿಯಬೇಕು. ಉಂಗುರ ಉಂಗುರವಾಗಿ ಗಟ್ಟಿಯಾಗಿ ಸಿಗುತ್ತದೆ. ಬಲಗೈಯ ಚಾಕು ಎಡಗೈಗಿಂತ ಮೇಲೆ, ತಲೆಯ ಕಡೆಗೆ ಹೋಗಿ ನಾಳವನ್ನು ಕೊಯ್ಯಬೇಕು. ಎರಡು ಕೈಯೂ ಕಣ್ಣಿಗೆ ಕಾಣುವುದಿಲ್ಲ, ಒಳಗೆಲ್ಲ ರಕ್ತ, ಬೆರಳು ಮರಗಟ್ಟಿರುತ್ತದೆ. ಹುಡುಗನ ತೋಳು ಅಷ್ಟು ಉದ್ದವಿಲ್ಲದಿದ್ದರೆ, ಅಥವಾ ಚಾಕು ಎಲ್ಲಿದೆಯೆಂದು ಅವನಿಗೆ ಸ್ಪಷ್ಟವಾಗಿ ಹೇಳಲಾಗದಿದ್ದರೆ, ಇದೊಂದನ್ನು ನೀವೇ ಮಾಡಿ. ಉಳಿದ ಯಾವ ಕೆಲಸದಲ್ಲೂ ಚಾಕುವನ್ನು ಅವನ ಕೈಯಿಂದ ಕಿತ್ತುಕೊಳ್ಳಬೇಡಿ. ನಾಳ ತುಂಡಾದ ಮೇಲೆ ಎರಡೂ ಕೈಯಿಂದ ಹಿಡಿದೆಳೆದರೆ ಶ್ವಾಸಕೋಶ, ಗುಂಡಿಗೆ, ಹೊಟ್ಟೆ, ಕರುಳು ಎಲ್ಲವೂ ಸಾಲಾಗಿ ಬರುತ್ತವೆ. ಮೂತ್ರಚೀಲವನ್ನು ಮಾತ್ರ ಕತ್ತಿನಲ್ಲಿ ಬಿಗಿಯಾಗಿ ಚಿವುಟಿ ಹಿಡಿದು ಬೇರೆಯಾಗಿ ತೆಗೆಯಿರಿ. ಆಮೇಲೆ ಜಿಂಕೆಯನ್ನು ಬೋರಲು ಹಾಕಿದರೆ ಒಳಗೆ ನಿಂತ ರಕ್ತ ಸೋರಿಹೋಗುತ್ತದೆ.

ಕುರಿ ಕಡಿದು ಅಭ್ಯಾಸವಿದ್ದವರು ಈ ಹೊತ್ತಿಗೆ ಲಿವರಿನ ಮಗ್ಗುಲಲ್ಲಿ ಪಿತ್ತಕೋಶ ಹುಡುಕತೊಡಗುತ್ತಾರೆ. ಹುಡುಕಬೇಡಿ, ಬಿಳಿಬಾಲದ ಜಿಂಕೆಗೆ ಪಿತ್ತಕೋಶವೇ ಇಲ್ಲ. ಒಡೆದು ಕಹಿಯಾಗುವ ಭಯವೂ ಇಲ್ಲ. ಆದರೆ ಲಿವರನ್ನು ಎರಡು ಕಡೆ ಸೀಳಿ ನೋಡಬೇಕು. ಒಳಗೆ ಎಲೆಯಂತೆ ಚಪ್ಪಟೆಯಾದ ಹುಳುವೋ, ಗಟ್ಟಿ ಗಂಟುಗಳೋ ಕಂಡರೆ ಲಿವರ್ ಬೇಡ. ಗ್ರೇಟ್ ಲೇಕ್ಸ್ ಎನ್ನುವ ಈ ಮಹಾಸರೋವರಗಳ ಸೀಮೆಯ ಜಿಂಕೆಗಳಲ್ಲಿ ಲಿವರ್ ಹುಳು ಇರುವುದುಂಟು, ಅದರಿಂದ ಉಳಿದ ಮಾಂಸಕ್ಕೆ ತೊಂದರೆಯಿಲ್ಲ. ಶ್ವಾಸಕೋಶ ಪಕ್ಕೆಲುಬಿಗೆ ಅಂಟಿಕೊಂಡಿದ್ದರೆ, ಒಳಗೆ ಕೀವಿದ್ದರೆ, ಇಡೀ ಪ್ರಾಣಿಯ ಬಗ್ಗೆಯೇ ಅನುಮಾನಪಟ್ಟು ರಾಜ್ಯದ ವನ್ಯಜೀವಿ ಇಲಾಖೆಯವರನ್ನು ಕೇಳಿ. ಈ ತಪಾಸಣೆಯನ್ನು ಹುಡುಗನಿಂದಲೇ ಮಾಡಿಸಿ. ಅಂಗಡಿಯ ಮಾಂಸವನ್ನು ಬೇರೆ ಯಾರೋ ನೋಡಿ ಪಾಸು ಮಾಡಿರುತ್ತಾರೆ. ಇದಕ್ಕೆ ಇನ್‌ಸ್ಪೆಕ್ಟರ್ ಅವನೇ. ಬೋಟಿಯ ಆಸೆಯನ್ನು ಮಾತ್ರ ಅಲ್ಲೇ ಬಿಡಿ. ಕಾಡಿನಲ್ಲಿ ಬಿಸಿನೀರು, ಸುಣ್ಣ ಇಲ್ಲದೆ ಅದನ್ನು ಶುಚಿ ಮಾಡಲಾಗುವುದಿಲ್ಲ.

ಇನ್ನು ತೊಳೆಯುವ ಚಟ. ಹೊಟ್ಟೆಯೊಳಗನ್ನು ಪೇಪರಿನಿಂದ ಒರೆಸಿ ಒಣಗಿಸಿ, ನೀರು ಹೊಯ್ಯಬೇಡಿ. ಒದ್ದೆ ಮಾಂಸದ ಮೇಲೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಒಣಗಿದ ಮೇಲ್ಮೈ ತಾನಾಗಿಯೇ ಒಂದು ಕಾಪು. ಹೊಟ್ಟೆಚೀಲ ಒಡೆದು ಗಸಿ ತಾಗಿದ್ದರೆ ಆ ಜಾಗವನ್ನು ಚಾಕುವಿನಿಂದ ಕೆತ್ತಿ ತೆಗೆಯಬೇಕು. ತುಂಬ ಹರಡಿದ್ದರೆ ಮಾತ್ರ ಕುಡಿಯುವ ನೀರಿನಲ್ಲಿ ತೊಳೆದು ಕೂಡಲೇ ಒರೆಸಿ. ನೀರು ಬೇಡ ಎನ್ನಲು ಇನ್ನೊಂದು ಕಾರಣ ಸೀಸ. ಸೀಸದ ಗುಂಡು ಒಳಗೆ ಒಡೆದು ಚೂರಾಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ಒಂದು ಅಡಿ ದೂರಕ್ಕೂ ಹೋಗಿರುತ್ತವೆ. ನೆರೆಯ ಮಿನ್ನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ 2008ರಲ್ಲಿ ಪರೀಕ್ಷಿಸಿದಾಗ, ತೊಳೆದರೆ ಸೀಸ ಬೇರೆ ಕಡೆಗೂ ಹರಡುತ್ತದೆ ಎಂದು ಕಂಡಿತ್ತು. ಗಾಯದ ಸುತ್ತ ರಕ್ತ ಹೆಪ್ಪುಗಟ್ಟಿ ಕಪ್ಪಾದ ಮಾಂಸವನ್ನೂ, ಅದರಾಚೆ ಇನ್ನೊಂದಿಷ್ಟನ್ನೂ ಉದಾರವಾಗಿ ಎಸೆಯಿರಿ. ಅದನ್ನು ಕೈಮಾಕ್ಕೆ ಹಾಕುವ ಜಿಪುಣತನ ಬೇಡವೇ ಬೇಡ, ಒಂದು ತುಣುಕಿನಲ್ಲಿದ್ದದ್ದು ಇಡೀ ಬಟ್ಟಲಿಗೆ ಬೆರೆಯುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳೋ ಬಸುರಿಯೋ ಇದ್ದರೆ ತಾಮ್ರದ ಗುಂಡನ್ನೇ ಬಳಸಿ.

ಮಾಂಸ ಕೆಡುವುದು ಬಹುಪಾಲು ಶಾಖದಿಂದ. ತೊಡೆಯ ಎಲುಬಿನ ಸುತ್ತ ಮಾಂಸ ದಪ್ಪ, ಅಲ್ಲಿಯ ಬಿಸಿ ಬೇಗ ಇಳಿಯುವುದಿಲ್ಲ; ಹೊರಗೆ ನೋಡಲು ಚೆನ್ನಾಗಿದ್ದರೂ ಎಲುಬಿನ ಮಗ್ಗುಲು ಹುಳಿತು ನಾರುತ್ತಿರುತ್ತದೆ. ಹೊರಗಿನ ಹವೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿದ್ದರೆ ಹೊಟ್ಟೆಯೊಳಗೆ ಐಸ್ ಚೀಲಗಳನ್ನಿಟ್ಟು, ಬೇಗ ತೊಗಲು ಸುಲಿದು 4 ಡಿಗ್ರಿಗಿಂತ ಕೆಳಗೆ ತರಬೇಕು. ಐಸ್ ಕರಗಿದ ನೀರಲ್ಲಿ ಮಾಂಸ ನೆನೆಯದಂತೆ ನೋಡಿಕೊಳ್ಳಿ. ಹವೆ ಸೊನ್ನೆಗಿಂತ ಕೆಳಗಿದ್ದರೆ ಲೆಕ್ಕ ತಿರುಗುಮುರುಗು. ಆಗ ತೊಗಲು ಮೈಮೇಲೇ ಇರಲಿ, ಅದು ಮಾಂಸವನ್ನು ಹೆಪ್ಪುಗಟ್ಟದಂತೆ ಕಾಯುತ್ತದೆ.

ಹೆಪ್ಪುಗಟ್ಟಿದರೆ ಏನಾಗುತ್ತದೆ? ಸತ್ತ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ, ಸುಮಾರು ಒಂದು ದಿನದ ಮೇಲೆ ನಿಧಾನಕ್ಕೆ ಸಡಿಲವಾಗುತ್ತದೆ. ಸೆಟೆಯುವ ಮೊದಲೇ ಎಲುಬಿನಿಂದ ಬಿಡಿಸಿದರೆ, ಅಥವಾ ಸೆಟೆಯುವ ಮೊದಲೇ ತೀರ ತಣ್ಣಗಾದರೆ, ಹಿಡಿದಿಡಲು ಎಲುಬಿನ ಬಿಗಿಯಾಗಲಿ ದೇಹದ ಶಾಖವಾಗಲಿ ಇಲ್ಲದೆ ಮಾಂಸದ ಎಳೆಗಳು ಮುದುಡಿಕೊಳ್ಳುತ್ತವೆ. ಆಮೇಲೆ ಎಷ್ಟು ಬೇಯಿಸಿದರೂ ರಬ್ಬರೇ. ಕಡಿದ ದಿನವೇ ಉಣ್ಣುವ ನಮ್ಮ ರೂಢಿ ಎಳೆಗುರಿಯನ್ನು ಎಲುಬಿನ ಸಮೇತ ಕುಕ್ಕರಿನಲ್ಲಿ ಬೇಯಿಸುವವರಿಗೆ ನಡೆಯುತ್ತದೆ. ಮೂರು ವರ್ಷ ಕಾಡಲ್ಲಿ ಓಡಿದ ಗಂಡು ಜಿಂಕೆಗೆ ನಡೆಯುವುದಿಲ್ಲ. ಕನಿಷ್ಠ ಒಂದು ದಿನ, ಸಾಧ್ಯವಾದರೆ ಐದರಿಂದ ಏಳು ದಿನ, 1ರಿಂದ 4 ಡಿಗ್ರಿಯಲ್ಲಿ ಇರಿಸಿ. ವರ್ಷದೊಳಗಿನ ಮರಿಗೆ ಎರಡು ದಿನ ಸಾಕು. ಗ್ಯಾರೇಜಿನಲ್ಲಿ ತೂಗುಹಾಕುವವರು ಥರ್ಮಾಮೀಟರ್ ತೂಗುಹಾಕುವುದನ್ನೂ ಮರೆಯಬಾರದು. ಹಗಲು 12, ರಾತ್ರಿ ಸೊನ್ನೆ ಎಂಬಂಥ ಹವೆಯಲ್ಲಿ ಗ್ಯಾರೇಜು ನಂಬುವಂಥದ್ದಲ್ಲ. ಆಗ ತೊಡೆ, ಮುಂಗಾಲುಗಳನ್ನು ಬಿಡಿಸಿ, ಎಲುಬು ಹಾಗೇ ಇದ್ದಂತೆ, ಎರಡನೇ ಫ್ರಿಜ್ಜಿನಲ್ಲಿ ಕಂಬಿ ತಟ್ಟೆಯ ಮೇಲಿಡುವುದು ಮೇಲು. ಎರಡನೇ ಫ್ರಿಜ್ ಏಕೆಂದು ಸಸ್ಯಾಹಾರಿಗಳಿರುವ ಮನೆಯವರಿಗೆ ವಿವರಿಸಬೇಕಿಲ್ಲ.

ತೊಗಲು ಸುಲಿಯುವುದು ಹುಡುಗರಿಗೆ ಇಷ್ಟವಾಗುವ ಕೆಲಸ. ಹಿಂಗಾಲಿನಲ್ಲಿ ಮಂಡಿಯ ಕೆಳಗಿನ ಕೀಲಿನ ಹತ್ತಿರ, ಹಿಮ್ಮಡಿ ನರಕ್ಕೂ ಎಲುಬಿಗೂ ನಡುವೆ ತೂತು ಮಾಡಿ ಗ್ಯಾಂಬ್ರೆಲ್ ಎನ್ನುವ ಅಡ್ಡಕೋಲನ್ನು ತೂರಿಸಿ ತಲೆಕೆಳಗಾಗಿ ನೇತುಹಾಕಿ. ಅದೇ ಕೀಲಿನ ಒಳಬದಿಯಲ್ಲಿ ಕಪ್ಪಾದ, ಗಬ್ಬು ನಾರುವ ಕೂದಲಿನ ಕುಚ್ಚು ಕಾಣುತ್ತದೆ. ಅದು ವಾಸನೆಯ ಗ್ರಂಥಿ. ಅದನ್ನು ಮುಟ್ಟಿದ ಚಾಕು, ಗ್ಲೌಸ್ ಎರಡನ್ನೂ ತೊಳೆಯದೆ ಮಾಂಸಕ್ಕೆ ಹಚ್ಚಿದರೆ ಸಾರಿನವರೆಗೂ ಆ ನಾತ ಬರುತ್ತದೆ. ಕಾಲಿನ ಸುತ್ತ ಉಂಗುರ ಕೊಯ್ದು, ಒಳತೊಡೆಯ ಉದ್ದಕ್ಕೂ ಒಳಗಿನಿಂದ ಹೊರಕ್ಕೆ ಸೀಳಿ, ಅಲ್ಲಿಂದ ಮುಂದೆ ಚಾಕು ಕೆಳಗಿಡಬಹುದು. ಒಂದು ಕೈ ತೊಗಲನ್ನು ಕೆಳಕ್ಕೆ ಎಳೆಯುತ್ತದೆ, ಇನ್ನೊಂದರ ಮುಷ್ಟಿ ತೊಗಲಿಗೂ ಮಾಂಸಕ್ಕೂ ನಡುವೆ ಗುದ್ದುತ್ತ ಇಳಿಯುತ್ತದೆ. ಕುರಿಗೂ ಹೀಗೆಯೇ ಮಾಡುವುದು, ಈ ಒಂದು ವಿದ್ಯೆ ಊರಿನಿಂದ ಹಾಗೇ ತರಬಹುದು. ಕೂದಲು ಮುಟ್ಟಿದ ಕೈ ಮಾಂಸ ಮುಟ್ಟಬಾರದು, ಅಷ್ಟೇ. ಮೈ ಬೆಚ್ಚಗಿದ್ದಾಗ ಹತ್ತು ಹದಿನೈದು ನಿಮಿಷದ ಕೆಲಸ; ತಣ್ಣಗಾಗಿ ಬಿಗಿದ ಮೇಲೆ ಅದರ ಮೂರರಷ್ಟು.

ಈಗ ಬಿಡಿಸುವುದು. ಹುಡುಗನಿಗೆ ಮೊದಲು ಕೊಡಬೇಕಾದದ್ದು ಮುಂಗಾಲು, ಏಕೆಂದರೆ ಅದನ್ನು ಕೆಡಿಸಲು ಸಾಧ್ಯವೇ ಇಲ್ಲ. ಮುಂಗಾಲಿಗೂ ಎದೆಗೂಡಿಗೂ ಎಲುಬಿನ ಕೀಲು ಇಲ್ಲ, ಮಾಂಸ ಮತ್ತು ಪೊರೆಯಷ್ಟೇ ಹಿಡಿದಿವೆ. ಕಾಲನ್ನು ಮೈಯಿಂದ ಆಚೆಗೆ ಎಳೆದರೆ ಕಂಕುಳಲ್ಲಿ ಒಂದು ಬಿರುಕು ಕಾಣುತ್ತದೆ. ಆ ಬಿರುಕಿನಲ್ಲಿ ಚಾಕು ಓಡಿಸುತ್ತ, ಹೆಗಲಿನ ಹಲಗೆ ಎಲುಬಿನ ಹಿಂದೆ ಸಾಗಿದರೆ ಇಡೀ ಕಾಲು ಕೈಗೆ ಬರುತ್ತದೆ. ಚಾಕುವಿನ ಕೆಲಸ ದಾರಿ ಹುಡುಕುವುದು ಎಂಬುದು ಇಲ್ಲಿ ಹುಡುಗನ ಕೈಗೇ ಗೊತ್ತಾಗುತ್ತದೆ, ಬಾಯಲ್ಲಿ ಹೇಳಬೇಕಾಗುವುದಿಲ್ಲ. ಅಲಗು ಎಲುಬಿಗೆ ತಾಗಿ ನಿಂತರೆ ಬಲ ಹಾಕುತ್ತಾನೆ, ಆಗ “ಕಾಲು ಆಡಿಸಿ ನೋಡು ಮಗಾ, ಎಲ್ಲಿ ಆಡುತ್ತೆ?” ಎಂದಷ್ಟೇ ಕೇಳಿ. ಆಡುವ ಕಡೆ ದಾರಿ ಇರುತ್ತದೆ.

ಎರಡನೆಯದು ಒಳಪಟ್ಟಿ, ಇಲ್ಲಿಯವರ ಟೆಂಡರ್‌ಲಾಯಿನ್. ಹೊಟ್ಟೆಯೊಳಗೆ, ಮೂತ್ರಪಿಂಡ ಇದ್ದ ಜಾಗದ ಹಿಂದೆ, ಬೆನ್ನೆಲುಬಿನ ಎರಡು ಮಗ್ಗುಲಿಗೂ ಒಂದೊಂದು. ಬೆರಳಿನಿಂದಲೇ ಅರ್ಧ ಬರುತ್ತದೆ. ಬಹಳ ದಿನ ತೂಗುಹಾಕುವುದಾದರೆ ಇವನ್ನು ಮೊದಲ ದಿನವೇ ತೆಗೆದುಬಿಡಿ, ಗಾಳಿಗೆ ಒಣಗಿ ಅರ್ಧಕ್ಕರ್ಧ ಹಾಳಾಗುತ್ತವೆ.

ಬೆನ್ನಿನ ಹೊರಪಟ್ಟಿ, ಅಂದರೆ ಬ್ಯಾಕ್‌ಸ್ಟ್ರಾಪ್, ಇಡೀ ಜಿಂಕೆಯ ಬೆಲೆಯುಳ್ಳ ತುಂಡು. ಇದನ್ನು ಹುಡುಗನಿಗೆ ಕೊನೆಯಲ್ಲಿ ಕೊಡಿ, ಒಂದು ಬದಿಯದನ್ನು ನೀವು ತೆಗೆದು ತೋರಿಸಿ, ಇನ್ನೊಂದು ಬದಿ ಅವನಿಗೆ. ಸೊಂಟದಿಂದ ಕತ್ತಿನವರೆಗೆ, ಬೆನ್ನೆಲುಬಿನ ನಿಂತ ಮುಳ್ಳುಗಳಿಗೆ ಅಲಗನ್ನು ಒರಗಿಸಿಕೊಂಡು ಒಂದೇ ಉದ್ದ ಗೆರೆ ಕೊಯ್ಯಬೇಕು. ಆಮೇಲೆ ಪಕ್ಕೆಲುಬಿನ ಮೇಲಿನಿಂದ ಇನ್ನೊಂದು ಗೆರೆ ಬಂದು ಮೊದಲನೆಯದನ್ನು ಕೂಡುತ್ತದೆ. ಅಲಗು ಸದಾ ಎಲುಬನ್ನು ಸವರುತ್ತಿರಬೇಕು, ಸಣ್ಣ ಕಿರಕಿರ ಸದ್ದು ಕೇಳುತ್ತಿರಬೇಕು. ಸದ್ದು ನಿಂತಿತೆಂದರೆ ಮಾಂಸದೊಳಗೆ ಹೋಗಿದೆ ಎಂದರ್ಥ. ಬೆನ್ನೆಲುಬನ್ನು ಎಲ್ಲೂ ಕಡಿಯಬಾರದು. ಕುರಿಯ ಚಾಪ್ಸ್ ಕಣ್ಣಿಗೆ ಕಟ್ಟಿದವರಿಗೆ ಇದು ಕಷ್ಟ.

ಹಿಂದೊಡೆ ಸೊಂಟದೆಲುಬಿಗೆ ಗುಂಡುಕೀಲಿನಲ್ಲಿ ಸೇರಿದೆ. ಒಳತೊಡೆಯಿಂದ ಸೊಂಟದೆಲುಬನ್ನು ಹಿಡಿದು ಹೋದರೆ ಬಿಳಿ ಗುಂಡು ಕಾಣುತ್ತದೆ. ಅದನ್ನು ಹಿಡಿದಿರುವ ನರವನ್ನು ಚಾಕುವಿನ ಮೊನೆಯಿಂದ ಕೊಯ್ದು, ಕಾಲನ್ನು ಹೊರಕ್ಕೆ ಮಡಚಿದರೆ ಟಪ್ ಎಂದು ಕಳಚುತ್ತದೆ. ತೊಡೆಯನ್ನು ಮೇಜಿಗೆ ತಂದ ಮೇಲೆ ನಿಜವಾದ ಪಾಠ ಶುರು. ಒಂದೇ ಮುದ್ದೆಯಂತೆ ಕಾಣುವ ತೊಡೆಯಲ್ಲಿ ನಾಲ್ಕು ದೊಡ್ಡ ಮಾಂಸಖಂಡಗಳಿವೆ: ಒಳಬದಿಯ ಅಗಲವಾದದ್ದು, ಹೊರಬದಿಯ ಒರಟಾದದ್ದು, ಅದರ ಮಗ್ಗುಲಿಗೆ ಉರುಟಾದ ಸಣ್ಣದು, ಎಲುಬಿನ ಮುಂದೆ ಚೆಂಡಿನಾಕಾರದ್ದು. ಇವುಗಳ ನಡುವೆ ತೆಳ್ಳನೆಯ ಪೊರೆಯಿದೆ. ಹೆಬ್ಬೆರಳನ್ನು ಆ ಗೆರೆಯಲ್ಲಿ ತೂರಿಸಿ ಬಿಡಿಸಿದರೆ ಹಲಸಿನ ತೊಳೆಯ ಹಾಗೆ ಒಂದೊಂದೇ ಬೇರೆಯಾಗುತ್ತವೆ. ಹೊರಬದಿಯ ಖಂಡ ಮತ್ತು ಉರುಟಾದ ಖಂಡದ ನಡುವೆ, ಮಂಡಿಯ ಹಿಂದೆ, ನೆಣದ ಗುಡ್ಡೆಯೊಳಗೆ ನೆಲ್ಲಿಕಾಯಿ ಗಾತ್ರದ ಬೂದುಬಣ್ಣದ ಗಂಟು ಸಿಗುತ್ತದೆ. ಅದು ಲಿಂಫ್ ಗ್ರಂಥಿ. ಹಾಗೇ ಇಡಿಯಾಗಿ ತೆಗೆದೆಸೆಯಬೇಕು. ಇಂಥದ್ದೇ ಹೆಗಲಿನ ಮುಂದೆಯೂ ಇದೆ. ಮಚ್ಚಿನಲ್ಲಿ ತುಂಡು ಮಾಡಿದವರ ಪಾತ್ರೆಗೆ ಈ ಗಂಟುಗಳೂ ಹೋಗುತ್ತವೆ.

ಖಂಡಗಳ ಮೇಲೆ ಬೆಳ್ಳಗೆ ಹೊಳೆಯುವ ಪೊರೆಯನ್ನು ಹುಡುಗನಿಗೇ ಬಿಡಿ, ಕೈ ಪಳಗಲು ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಪೊರೆಯ ಕೆಳಗೆ ಅಲಗು ತೂರಿಸಿ, ಹರಿತವನ್ನು ಸ್ವಲ್ಪ ಮೇಲಕ್ಕೆ, ಪೊರೆಯ ಕಡೆಗೆ ವಾಲಿಸಿ, ಚಾಕು ನೂಕುವ ಬದಲು ಪೊರೆಯನ್ನೇ ಎಳೆಯಬೇಕು. ಈ ಪೊರೆ ಎಷ್ಟು ಬೇಯಿಸಿದರೂ ಕರಗದು. ಮೊಣಕಾಲಿನ ಕೆಳಗಿನ ಮಾಂಸದಲ್ಲಿರುವ ನರ, ಪೊರೆಗಳ ಜಾತಿ ಬೇರೆ, ಅವು ನಿಧಾನಕ್ಕೆ ಬೆಂದು ಅಂಟಂಟಾಗಿ ಸಾರಿಗೆ ಮಂದ ಕೊಡುತ್ತವೆ. ಅವನ್ನು ಕೆತ್ತುತ್ತ ಕೂರಬೇಡಿ. ನೆಣವನ್ನು ಮಾತ್ರ ಎಲ್ಲಿ ಕಂಡರೂ ತೆಗೆಯಿರಿ. ಕುರಿಯ ನೆಣ ಬಾಯಲ್ಲಿ ಕರಗುತ್ತದೆ, ಜಿಂಕೆಯದು ಸ್ವಲ್ಪ ಆರಿದರೂ ಮೇಣವಾಗಿ ಅಂಗುಳಿಗೆ ಮೆತ್ತಿಕೊಳ್ಳುತ್ತದೆ. “ಜಿಂಕೆ ಮಾಂಸ ವಾಸನೆ” ಎನ್ನುವವರು ಹೆಚ್ಚಾಗಿ ದೂರುತ್ತಿರುವುದು ಈ ನೆಣವನ್ನು.

ಎಷ್ಟು ಮಾಂಸ ಸಿಗುತ್ತದೆ? ಹೊಟ್ಟೆ ಬಗಿದ ಮೇಲೆ 50 ಕಿಲೋ ತೂಗುವ ಜಿಂಕೆಯಿಂದ ಎಲುಬಿಲ್ಲದ ಮಾಂಸ 20ರಿಂದ 25 ಕಿಲೋ. ಗುಂಡು ಹೆಗಲಿಗೆ ಬಿದ್ದಿದ್ದರೆ ಎರಡು ಮೂರು ಕಿಲೋ ಕಡಿಮೆ. ಈ ತೂಕವನ್ನು ಹುಡುಗನೇ ತಕ್ಕಡಿಯಲ್ಲಿಟ್ಟು ನೋಡಿದರೆ, ಮುಂದಿನ ವರ್ಷ ಎಲ್ಲಿಗೆ ಗುರಿಯಿಡಬೇಕು ಎಂಬುದನ್ನು ನೀವು ಹೇಳಬೇಕಾಗಿಲ್ಲ.

ಎಲುಬು ಬೇಡ, ಬೆನ್ನೆಲುಬು ಕಡಿಯಬೇಡಿ, ಮಿದುಳು ಮುಟ್ಟಬೇಡಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಎಲ್ಲರ ಬಾಯಲ್ಲಿ ಸಿಡಬ್ಲ್ಯುಡಿ. 1967ರಲ್ಲಿ ಕೊಲರಾಡೋದ ಸಾಕಿದ ಜಿಂಕೆಗಳಲ್ಲಿ ಮೊದಲು ಗುರುತಿಸಿದ ರೋಗ ಇದು, ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಯಿತು. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಮಿದುಳನ್ನು ತಿನ್ನುತ್ತದೆ. ಅದು ಬೇಯಿಸಿದರೆ ಸಾಯುವುದಿಲ್ಲ, ಫ್ರೀಜರಿನಲ್ಲೂ ಸಾಯುವುದಿಲ್ಲ, ಕುಕ್ಕರಿನ ಹತ್ತು ಸೀಟಿಗೂ ಜಗ್ಗುವುದಿಲ್ಲ. ಮನುಷ್ಯರಿಗೆ ತಗಲಿದ ಪ್ರಕರಣ ಖಚಿತವಾಗಿಲ್ಲ. ಆದರೂ ರೋಗವಿದೆ ಎಂದು ಪರೀಕ್ಷೆಯಲ್ಲಿ ಬಂದ ಮಾಂಸವನ್ನು ತಿನ್ನಬೇಡಿ ಎಂದೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಪ್ರಿಯಾನ್ ಸೇರಿಕೊಳ್ಳುವುದು ಹೆಚ್ಚಾಗಿ ಮಿದುಳು, ಬೆನ್ನುಹುರಿ, ಕಣ್ಣು, ಗುಲ್ಮ, ಲಿಂಫ್ ಗ್ರಂಥಿಗಳಲ್ಲಿ. ಮಚ್ಚಿನ ಒಂದೇಟಿಗೆ ಬೆನ್ನುಹುರಿ ಚಿಮ್ಮಿ ಇಡೀ ಕೊರಡಿಗೆ ಹರಡುತ್ತದೆ ಎಂಬುದನ್ನು ನೆನೆದರೆ ಸಾಕು. ನೋಡಲು ದಷ್ಟಪುಷ್ಟವಾಗಿದ್ದ ಜಿಂಕೆಗೂ ರೋಗ ಇರಬಹುದು. ಕಾಲು ಸೂಪಿನ ಆಸೆ ಹುಟ್ಟಿದರೆ ಹಲಾಲ್ ಅಂಗಡಿಯ ಕುರಿಕಾಲಿದೆ.

ಪರೀಕ್ಷೆಗೆ ನಾಲ್ಕೈದು ಇಂಚು ಕತ್ತಿನ ಸಮೇತ ತಲೆ ಕೊಡಬೇಕು. ರಾಜ್ಯದ ಇಲಾಖೆ ಇಟ್ಟಿರುವ ಕಿಯಾಸ್ಕ್‌ಗಳಲ್ಲಿ ಚೀಟಿ ತುಂಬಿ ಹಾಕಿ ಬರಬಹುದು, ಹಣ ಕೊಡಬೇಕಿಲ್ಲ. ಡೇನ್, ಐಯೋವಾ, ಸಾಕ್, ರಿಚ್‌ಲ್ಯಾಂಡ್ ಕೌಂಟಿಗಳ ದಕ್ಷಿಣ ಸೀಮೆಯಲ್ಲಿ ಹೊಡೆದ ಜಿಂಕೆಯಾದರೆ ಪರೀಕ್ಷೆ ಮಾಡಿಸದೆ ಒಲೆ ಹಚ್ಚಬೇಡಿ. ಫಲಿತಾಂಶಕ್ಕೆ ಎರಡು ವಾರದಷ್ಟು ಹಿಡಿಯುವುದುಂಟು. ಅಲ್ಲಿಯವರೆಗೆ ಮಾಂಸ ಫ್ರೀಜರಿನಲ್ಲಿ, ಪ್ರತಿ ಕಟ್ಟಿನ ಮೇಲೂ ಪರೀಕ್ಷೆಯ ಚೀಟಿಯ ನಂಬರು. ಎರಡು ಜಿಂಕೆಯ ಮಾಂಸ ಸೇರಿಸಿ ಕೈಮಾ ಮಾಡಿದರೆ, ಒಂದಕ್ಕೆ ರೋಗ ಬಂದಾಗ ಎರಡೂ ಕಸಕ್ಕೆ. ಕೆಲಸ ಮುಗಿದ ಮೇಲೆ ಚಾಕುಗಳ ಮಾಂಸದ ಚೂರುಗಳನ್ನೆಲ್ಲ ಉಜ್ಜಿ ತೆಗೆದು, ಮನೆಬಳಕೆಯ ಬ್ಲೀಚ್ ಮತ್ತು ನೀರು ಸಮಸಮ ಬೆರೆಸಿ ಒಂದು ಗಂಟೆ ನೆನೆಹಾಕಿ. ಮರದ ಹಲಗೆಗೆ ಈ ಉಪಚಾರ ನಾಟುವುದಿಲ್ಲ, ಪ್ಲಾಸ್ಟಿಕ್ ಹಲಗೆಯನ್ನೇ ಬಳಸಿ.

ಕಟ್ಟಿಡುವಾಗ ಸಣ್ಣ ತುಂಡು ಮಾಡುವ ಆತುರ ಬೇಡ. ಖಂಡಗಳನ್ನು ಇಡಿಯಾಗಿ, ಮುಕ್ಕಾಲು ಕಿಲೋದಿಂದ ಒಂದು ಕಿಲೋದಷ್ಟು ಕಟ್ಟುಗಳಾಗಿ ಇಟ್ಟರೆ ಗಾಳಿ ತಾಗುವ ಮೈ ಕಡಿಮೆ. ವ್ಯಾಕ್ಯೂಮ್ ಯಂತ್ರವಿಲ್ಲದಿದ್ದರೆ ಜಿಪ್ ಚೀಲವನ್ನು ಬಾಯಿ ಬಿಟ್ಟುಕೊಂಡೇ ನೀರಿನ ಬಕೆಟ್ಟಿನಲ್ಲಿ ಕತ್ತಿನವರೆಗೆ ಇಳಿಸಿ, ನೀರೇ ಗಾಳಿಯನ್ನು ಹೊರದೂಡುತ್ತದೆ, ಆಮೇಲೆ ಜಿಪ್ ಎಳೆಯಿರಿ. ಖಂಡಗಳು ಒಂಬತ್ತು ಹತ್ತು ತಿಂಗಳು ಚೆನ್ನಾಗಿರುತ್ತವೆ, ಕೈಮಾ ಮೂರು ನಾಲ್ಕು. ಚೀಟಿಯಲ್ಲಿ ಭಾಗದ ಹೆಸರು ಇರಲೇಬೇಕು. ಹೆಪ್ಪುಗಟ್ಟಿದ ಮೇಲೆ ತೊಡೆ ಯಾವುದು, ಹೆಗಲು ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಅಡುಗೆ ಕೆಡುವುದು ಇಲ್ಲಿಂದಲೇ.

ತೊಡೆಯ ಖಂಡಗಳನ್ನು ಮಟನ್ನಿನ ಹಾಗೆ ಕುಕ್ಕರಿಗೆ ಹಾಕಿ ಐದು ಸೀಟಿ ಹೊಡೆಸಿದರೆ ಒಣ ನಾರು ಸಿಗುತ್ತದೆ. ಅದರಲ್ಲಿ ನೆಣವೂ ಇಲ್ಲ, ಕರಗುವ ನರವೂ ಇಲ್ಲ. ಎಳೆಗೆ ಅಡ್ಡವಾಗಿ ಬೆರಳ ದಪ್ಪಕ್ಕೆ ಹೆಚ್ಚಿ, ಮೊಸರು, ಅರಿಸಿನ, ಉಪ್ಪಿನಲ್ಲಿ ನಾಲ್ಕು ಗಂಟೆ ಇಟ್ಟು, ಜೋರು ಉರಿಯಲ್ಲಿ ಪೆಪ್ಪರ್ ಫ್ರೈ ಮಾಡುವುದು ಸರಿ. ಕೊನೆಯಲ್ಲಿ ನಾಲ್ಕು ಹನಿ ಕೊಡಗಿನ ಹುಳಿರಸ ಕಾಚಂಪುಳಿ ಸಿಕ್ಕರೆ ಇನ್ನೂ ಸರಿ. ಬೆನ್ನಿನ ಪಟ್ಟಿಗೆ ಉಪ್ಪು, ಮೆಣಸು, ತುಪ್ಪದ ಹೊರತು ಏನೂ ಬೇಡ. ಹೆಗಲು, ಕತ್ತು, ಮೊಣಕಾಲ ಮಾಂಸ ಕುಕ್ಕರಿನವು: ಮೊದಲ ಸೀಟಿಯ ಮೇಲೆ ಸಣ್ಣ ಉರಿಯಲ್ಲಿ 25–30 ನಿಮಿಷ, ಆಮೇಲೆ ಮಸಾಲೆ ರುಬ್ಬಿ ಹಾಕಿ ಸಾರು. ಉಳಿದ ಚೂರುಪಾರಿಗೆಲ್ಲ ಕೈಮಾ, ಹುಡುಗ ತಪ್ಪಾಗಿ ಕೊಯ್ದದ್ದೂ ಇದರಲ್ಲೇ ಮುಚ್ಚಿಹೋಗುತ್ತದೆ. ಕೈಮಾ ಉಂಡೆ ಒಡೆಯಬಾರದೆಂದರೆ ಕಿಲೋಗೆ 150 ಗ್ರಾಮಿನಷ್ಟು ಕುರಿ ಅಥವಾ ಹಂದಿಯ ನೆಣ ಸೇರಿಸಿ, ಮಾಂಸ ಅರ್ಧ ಹೆಪ್ಪುಗಟ್ಟಿದ್ದಾಗಲೇ ಯಂತ್ರಕ್ಕೆ ಹಾಕಿ. ಬೆಚ್ಚಗಿದ್ದರೆ ನೆಣ ಜಿಡ್ಡಾಗಿ ಅಲಗಿಗೆ ಅಂಟುತ್ತದೆ. ಕೈಮಾ ಒಳಗೆ 71 ಡಿಗ್ರಿ ಮುಟ್ಟಬೇಕು. ಪಟ್ಟಿಯ ಮಾಂಸವನ್ನು ಇಲ್ಲಿಯವರು ಒಳಗೆ ಕೆಂಪಗೆ ತಿನ್ನುತ್ತಾರೆ, ಕಾಡುಮಾಂಸದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಇರಬಹುದಾದ್ದರಿಂದ ಮಕ್ಕಳಿಗೂ ಬಸುರಿಯರಿಗೂ ಪೂರ್ತಿ ಬೇಯಿಸಿಯೇ ಕೊಡಿ.

ನೆಂಟರಿಷ್ಟರಿಗೆ ಹಂಚಬಹುದು, ಆದರೆ ಬೇಟೆಯ ಮಾಂಸವನ್ನು ಮಾರುವಂತಿಲ್ಲ. ಹಂಚುವಾಗ ಪರೀಕ್ಷೆಯ ಫಲಿತಾಂಶವನ್ನೂ ಹೇಳಿ ಕೊಡಿ. ಎಲುಬು, ತೊಗಲು, ಉಳಿದದ್ದನ್ನು ಹಿತ್ತಲಲ್ಲಿ ಹೂಳಬೇಡಿ, ಕಾಡಿಗೂ ಎಸೆಯಬೇಡಿ, ಪ್ರಿಯಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಋತುವಿನಲ್ಲಿ ಜಿಂಕೆಯ ಕಳೇಬರಕ್ಕೆಂದೇ ಅಲ್ಲಲ್ಲಿ ಡಂಪ್‌ಸ್ಟರ್‌ಗಳನ್ನು ಇಟ್ಟಿರುತ್ತಾರೆ, ಇಲ್ಲವಾದರೆ ಲ್ಯಾಂಡ್‌ಫಿಲ್. ಕೊಂಬನ್ನು ಬುಡದಲ್ಲಿ ಕೊಯ್ದಿಟ್ಟುಕೊಂಡು ತಲೆಯನ್ನು ಪರೀಕ್ಷೆಗೆ ಕೊಡಬಹುದು, ಇಡೀ ಕೆಲಸದಲ್ಲಿ ಗರಗಸಕ್ಕೆ ಅವಕಾಶವಿರುವುದು ಅಷ್ಟಕ್ಕೇ. ಹುಡುಗ ಅದನ್ನು ಅಜ್ಜನಿಗೆ ತೋರಿಸಬೇಕೆಂದು ಊರಿಗೆ ಹೊರಡುವ ಸೂಟ್‌ಕೇಸಿನಲ್ಲಿ ಇಡುವ ಸಂಭವವಿದೆ. ಬೆಂಗಳೂರಿನ ಕಸ್ಟಮ್ಸ್ ಮುಂದೆ ಅದು ಯಾವ ದೇಶದ ಜಿಂಕೆಯದು ಎಂದು ವಾದಿಸುವ ಪಾಡು ಬೇಡ, ಫೋಟೋ ತೋರಿಸಿದರೆ ಸಾಕು ಎನ್ನಿ.